ಸಿಟ್ಟಿಗೆ 72 ಮಾತ್ರೆ

ಚಿಕ್ಕಮಗಳೂರಿನ ಹೊರಗೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಾರ್ಖಾನೆ) ನಾನು ಗುಮಾಸ್ತ. ತೋಟದಿಂದ ಬಂದ ಮೂಟೆ ತೂಕ ಮಾಡಿಸಿ, ತೇವ ನೋಡಿ, ಸ್ಲಿಪ್ ಬರೆದುಕೊಡೋದು ಕೆಲಸ. ಕೇಳೋಕೆ ಸಲೀಸು. ಡಿಸೆಂಬರಿನಿಂದ ಮಾರ್ಚ್ ಒಳಗೆ ಒಂದು ದಿನ ಬಂದು ನೋಡಿ.

ಜಗಳ ಶುರುವಾಗೋದೇ ತೇವದಿಂದ. ಪಾರ್ಚ್‌ಮೆಂಟ್‌ನಲ್ಲಿ (ಹಣ್ಣಿನ ತಿರುಳು ತೆಗೆದು, ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ತೇವ ನೂರಕ್ಕೆ ಹತ್ತರ ಹತ್ತಿರ ಇರಬೇಕು. ಜಾಸ್ತಿ ಇದ್ದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತೆ, ಬೀಜದ ಬಣ್ಣ ಕೆಡುತ್ತೆ. ತೋಟದವರು ಕಣದಲ್ಲಿ ದಿನಗಟ್ಟಲೆ ಒಣಗಿಸಿ, ಹಲ್ಲಲ್ಲಿ ಕಚ್ಚಿ ನೋಡಿ, ಸರಿ ಇದೆ ಅಂತಲೇ ತಂದಿರುತ್ತಾರೆ. ನಮ್ಮ ಮೀಟರ್ ಹನ್ನೆರಡು ಅನ್ನುತ್ತೆ. ಅವರು ಮೀಟರಿಗೆ ಬೈಯೋಕಾಗಲ್ಲ, ನನಗೆ ಬೈತಾರೆ. ಒಳಗೆ ಹೋಗಿ ಹೇಳಿದರೆ ಮ್ಯಾನೇಜರ್ ಕತ್ತೆತ್ತದೆ, "ನೀನೇ ಏನಾದ್ರೂ ಹೇಳಿ ಕಳಿಸಪ್ಪ" ಅಂತಾರೆ.

ಮೊದಲೆಲ್ಲ ಆ ಸಿಟ್ಟು ನನ್ನ ಜೊತೆ ಬೈಕ್ ಹತ್ತಿ ಮನೆಗೇ ಬರುತ್ತಿತ್ತು. ಹೆಂಡತಿ ಬಾಗಿಲು ತೆಗೆದ ಕೂಡಲೇ, "ಇವತ್ತು ಎಷ್ಟು ತೇವ?" ಅಂತ ಕೇಳೋಳು.

ಒಂದು ದಿನ ಒಬ್ಬರು ಬೈತಾ ಇದ್ದಾಗ ಸುಮ್ನೆ ಸ್ಲಿಪ್ ಬುಕ್ಕಿನ ಹಿಂದೆ ಗೀಚಿದೆ. ಸಂಜೆಯ ಹೊತ್ತಿಗೆ ಅದು ಹೀಗಾಯಿತು:

ತೇವ ಹನ್ನೆರಡೆಂದು ಮೀಟರಿನ ವಾದ
ಹತ್ತೆಂದು ಬೆಳೆಗಾರರೆತ್ತರದ ನಾದ
ನಡುವಲ್ಲಿ ನಿಂತವನ ಬೆವರು ನಿಂತಿಲ್ಲ
ನನ್ನ ತೇವವನಳೆವ ಮೀಟರೇ ಇಲ್ಲ!

ದೊಡ್ಡ ಕವಿತೆ ಏನಲ್ಲ, ನಾಲ್ಕು ಸಾಲಿನ ಚುಟುಕ, ಗೊತ್ತು. ಆದರೆ ಅವತ್ತು ಮನೆಗೆ ಬಂದು ಊಟ ಮಾಡುವಾಗ, ಬೈದವರ ಮುಖ ನೆನಪಿಗೇ ಬರಲಿಲ್ಲ. 'ನಾದ' ಸಿಕ್ಕಿದ ಖುಷಿಯೇ ಉಳಿದಿತ್ತು.

ಆಮೇಲೆ ಯೋಚನೆ ಮಾಡಿದೆ. ಕೆಲಸ ಮಾಡಿದ್ದು ನಗು ಅಲ್ಲ, ಲೆಕ್ಕ. ಹೈಸ್ಕೂಲಲ್ಲಿ ಕಲಿತ ಲಘು ಗುರು ನೆನಪಿದೆ ಅಲ್ವಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾನು ಸಾಲಿಗೆ ಐದೈದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ ಇಟ್ಟುಕೊಂಡೆ. ಸಾಲಿಗೆ ಹದಿನೆಂಟು, ನಾಲ್ಕು ಸಾಲಿಗೆ 72. ಎದುರಿಗಿರುವವರು ಕೂಗುತ್ತಿರುವಾಗ ಮೇಜಿನ ಕೆಳಗೆ ಬೆರಳು ಮಡಿಸುತ್ತಾ 'ಹ'ಗೆ ಎರಡು, 'ತ್ತೆಂ'ಗೆ ಎರಡು ಅಂತ ಎಣಿಸಿ ನೋಡಿ. ಬೆರಳೂ ಎಣಿಸಬೇಕು, ಸಿಟ್ಟೂ ಮಾಡಬೇಕು ಅಂದರೆ ಆಗೋದೇ ಇಲ್ಲ. ಬಿಪಿಗೆ ಡಾಕ್ಟರ್ ಕೊಟ್ಟ ಮಾತ್ರೆಯನ್ನು ನಾನೇನೂ ಬಿಟ್ಟಿಲ್ಲ, ಮತ್ತೆ.

ಮೊದಲು ಕೊನೆಯ ಸಾಲು ಹುಡುಕುತ್ತೇನೆ. ಅದು ಸಿಕ್ಕರೆ ಉಳಿದ ಮೂರು ಅದಕ್ಕೆ ದಾರಿ. ಕೆಲವು ಸಲ ಭಾಷೆಯೇ ದುಡ್ಡಿಲ್ಲದೆ ಕೊಡುತ್ತೆ. ರಜೆ ಕೇಳಿ ಸಿಗದಿದ್ದಾಗ ಬರೆದದ್ದು ಇದು. ನಮ್ಮ ಕಾಫಿ ಜಾಸ್ತಿ ಹೋಗೋದು ಇಟಲಿಗೆ, ಆದ್ದರಿಂದ:

ರಜೆಯ ಅರ್ಜಿಯ ಕೊಟ್ಟೆ ಸೀಜನ್ನಿನಲ್ಲಿ
ಸಾಹೇಬರಿಟ್ಟರದ ಮೇಜಿನೊಳಗಲ್ಲಿ
ಹಣ್ಣಾಗಿ, ಒಣಗೊಣಗಿ, ಬೀಜ ಹಡಗೇರಿ
ಇಟಲಿಗೂ ಹೋಯ್ತು, ನಾ ಇಲ್ಲೇನೆ, ಸಾರಿ!

'ಒಣಗಿ ಒಣಗಿ' ಸೇರಿಸಿದಾಗ ಒಳಗಡೆ 'ಗೊಣಗಿ' ತಾನಾಗೇ ಬಂದು ಕೂತಿತ್ತು. ನಾನು ಕರೆದಿರಲಿಲ್ಲ.

ಇನ್ನು ಎಡವಟ್ಟಿನ ಕಥೆ. ಒಂದು ಜನವರಿಯಲ್ಲಿ ಮ್ಯಾನೇಜರ್ ಮೇಲೆ ವಿಪರೀತ ಸಿಟ್ಟು ಬಂದು, ಅವರ ಮೂಗಿನ ಮೇಲೆ ನಾಲ್ಕು ಸಾಲು ಬರೆದೆ. ಅದನ್ನು ಇಲ್ಲಿ ಹೇಳಲ್ಲ. ಹರಕು ಕಾಗದ ಇಟ್ಟು ಒತ್ತಿ ಬರೆದದ್ದು ಸ್ಲಿಪ್ ಬುಕ್ಕಿನ ಮೇಲೆ. ಕೆಳಗೆ ಎರಡು ಕಾರ್ಬನ್ ಇದ್ದದ್ದು ಮರೆತೇಹೋಗಿತ್ತು. ಬಿಳಿ ಸ್ಲಿಪ್ ಮೇಲೆ ಬರೀ ಅಚ್ಚು, ಗುಲಾಬಿ ಮತ್ತು ಹಳದಿ ಸ್ಲಿಪ್ ಮೇಲೆ ನೀಲಿಯಲ್ಲಿ ಇಡೀ ಚುಟುಕ. ಅದರ ಮೇಲೇ ಆಲ್ದೂರು ಕಡೆಯ ಒಬ್ಬ ಹಿರಿಯ ಬೆಳೆಗಾರರ ನಲವತ್ತೆರಡು ಮೂಟೆ ಲೆಕ್ಕ ಬರೆದು, ಗುಲಾಬಿ ಪ್ರತಿ ಹರಿದು ಅವರ ಕೈಗೇ ಕೊಟ್ಟಿದ್ದೆ.

ಮಾರನೆಯ ದಿನ ಬಂದರು. ಸ್ಲಿಪ್ ಮೇಜಿನ ಮೇಲಿಟ್ಟು, ತಮ್ಮ ಮೂಗು ಸವರಿಕೊಂಡು, "ಏನಪ್ಪಾ, ಇದು ನಂದಾ?" ಅಂದರು.

ನಿಜ ಹೇಳಬೇಕಂದರೆ ಅವರ ಮೂಗೂ ದೊಡ್ಡದೇ. ಮ್ಯಾನೇಜರದ್ದು ಅನ್ನೋ ಹಾಗಿಲ್ಲ, ನಿಮ್ಮದಲ್ಲ ಅಂದರೆ ನಂಬೋ ಹಾಗಿಲ್ಲ. "ಇಲ್ಲ ಸರ್, ನಮ್ಮ ಮಾವಂದು" ಅಂದೆ. ಅವರು ಕನ್ನಡಕ ಏರಿಸಿ ಇನ್ನೊಮ್ಮೆ ಓದಿ, "ನಿನ್ನ ಮಾವ ಪಾಪ. ಮೂರನೇ ಸಾಲಲ್ಲಿ ಒಂದು ಮಾತ್ರೆ ಜಾಸ್ತಿ ಆಗಿದೆ ನೋಡು" ಅಂದರು. ಎಣಿಸಿದೆ. ಹತ್ತೊಂಬತ್ತಿತ್ತು.

ಅಂದಿನಿಂದ ಮೈ, ಮುಖ, ಜಾತಿ, ಮನೆಯವರ ವಿಷಯಕ್ಕೆ ಹೋಗಲ್ಲ. ಮೀಟರ್, ಅರ್ಜಿ, ತಕ್ಕಡಿ, ನಾನು, ಇಷ್ಟೇ. ನನ್ನನ್ನೇ ಹಿಡಿದು ಬರೆದದ್ದು ಯಾವಾಗಲೂ ಚೆನ್ನಾಗಿ ಬಂದಿದೆ.

ಒಂದು ಕಡೆ ಮಾತ್ರ ಚುಟುಕ ಕೈಕೊಟ್ಟಿತು. ಕಪ್ಪು ಬೀಜ, ಒಡಕು ಬೀಜ ಆರಿಸುವ ಅಕ್ಕಂದಿರ ಓವರ್‌ಟೈಮ್ ದುಡ್ಡು ಒಂದು ಸಲ ಎರಡು ತಿಂಗಳು ತಡವಾಯಿತು. ಅದರ ಮೇಲೂ ಬರೆದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕು ಹಗುರಾಗಿ ಮನೆಗೆ ಹೋದರು. ದುಡ್ಡು ಬರಲಿಲ್ಲ. ವಾರ ಬಿಟ್ಟು ಅವರಲ್ಲೊಬ್ಬರು, "ಅಣ್ಣ, ಪದ್ಯ ಸಾಕು, ಒಂದು ಅರ್ಜಿ ಬರೆದುಕೊಡಿ" ಅಂದಾಗ ನಾಚಿಕೆಯಾಯಿತು. ಚುಟುಕಕ್ಕೆ ಹೆಸರಾದ ದಿನಕರ ದೇಸಾಯಿಯವರು ರೈತರ, ಕೂಲಿಕಾರರ ಹೋರಾಟವನ್ನೂ ಕಟ್ಟಿದವರು, 1967ರಲ್ಲಿ ಲೋಕಸಭೆಗೂ ಹೋದವರು. ಪದ್ಯ ಬರೆದೆ, ಆಯ್ತು ಅಂತ ಅವರು ಕೂತಿರಲಿಲ್ಲ. ನಾನು ಕೂತಿದ್ದೆ. ಪ್ರಾಸ ಇಲ್ಲದ ಅರ್ಜಿಗೆ ಎಲ್ಲರ ಸಹಿ ಹಾಕಿಸಿ ಕೊಟ್ಟ ಮೇಲೆಯೇ ದುಡ್ಡು ಕೈಗೆ ಬಂದದ್ದು.

ಈಗ ಸ್ಲಿಪ್ಪೆಲ್ಲ ಕಂಪ್ಯೂಟರಿನಿಂದ ಬರುತ್ತೆ, ಕಾರ್ಬನ್ ಕಾಟ ಇಲ್ಲ. ಆದರೂ ಆಲ್ದೂರಿನ ಆ ಹಿರಿಯರು ಪ್ರತಿ ಸಲ ಮೂಟೆ ಇಳಿಸಿದ ಮೇಲೆ ತೂಕ ನೋಡೋದಿಲ್ಲ, ಮೊದಲು ಸ್ಲಿಪ್ ತಿರುಗಿಸಿ ಹಿಂದೆ ನೋಡ್ತಾರೆ.