ಡಿಸ್ಕ್ ಕೈಕೊಟ್ಟರೆ ಸರ್ವರೇ ಮೇಲ್ ಕಳಿಸಲಿ

ಮಿರರ್ ಮಾಡಿದ (ಒಂದೇ ಡೇಟಾ ಎರಡರಲ್ಲೂ ಇರುವ) ಎರಡು ಡಿಸ್ಕ್‌ಗಳಲ್ಲಿ ಒಂದು ಸತ್ತರೂ ಸರ್ವರ್ ಏನೂ ಆಗದ ಹಾಗೆ ಓಡುತ್ತಿರುತ್ತದೆ. ತೊಂದರೆ ಇರುವುದೇ ಅಲ್ಲಿ. ಯಾರಿಗೂ ಗೊತ್ತಾಗುವುದಿಲ್ಲ, ಎರಡನೆಯದೂ ಹೋದ ದಿನ ಎಲ್ಲರೂ ಬ್ಯಾಕಪ್ ಎಲ್ಲಿದೆ ಅಂತ ಹುಡುಕುತ್ತಾರೆ. ಇಲ್ಲಿ ಹೇಳುವುದು ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆ) ಬಗ್ಗೆ. ಹಾರ್ಡ್‌ವೇರ್ ರೇಡ್ ಕಾರ್ಡ್ ಇದ್ದವರು ಆ ಕಾರ್ಡಿನ ಕಂಪನಿ ಕೊಡುವ ಟೂಲನ್ನೇ ಹಾಕಿಕೊಳ್ಳಬೇಕು.

ಮೊದಲು ಪ್ರಾಕ್ ಫೋಲ್ಡರ್‌ನ ಎಂಡಿಸ್ಟ್ಯಾಟ್ ಫೈಲ್ ನೋಡಿ. ಬ್ರಾಕೆಟ್ ಒಳಗೆ ಎರಡು 'ಯು' ಇದ್ದರೆ ಸರಿ. ಒಂದರ ಜಾಗದಲ್ಲಿ ಅಂಡರ್‌ಸ್ಕೋರ್ ಕಂಡರೆ ಈ ಲೇಖನ ಪಕ್ಕಕ್ಕಿಡಿ, ಬ್ಯಾಕಪ್ ತೆಗೆದು ಡಿಸ್ಕ್ ಬದಲಿಸಿ.

ಆಮೇಲೆ ಎಂಡಿಎಡಿಎಂ (ಈ ರೇಡ್ ನೋಡಿಕೊಳ್ಳುವ ಟೂಲ್) ಕಾನ್ಫಿಗ್ ಫೈಲ್‌ನ ಮೇಲ್‌ಆಡರ್ ಸಾಲಿಗೆ ನಿಮ್ಮ ಇಮೇಲ್ ವಿಳಾಸ ಹಾಕಿ. ಉಬುಂಟು, ಡೆಬಿಯನ್‌ಗಳಲ್ಲಿ ಅಲ್ಲಿ 'ರೂಟ್' (ಸರ್ವರ್‌ನ ಅಡ್ಮಿನ್ ಖಾತೆ) ಅಂತಿರುತ್ತದೆ. ಅದನ್ನು ಹಾಗೇ ಬಿಡಬೇಡಿ, ಸರ್ವರ್ ಒಳಗಿನ ರೂಟ್ ಮೇಲ್‌ಬಾಕ್ಸ್ ಯಾರು ನೋಡ್ತಾರೆ?

ಜಾಸ್ತಿ ಜನ ಎಡವುವುದು ಇದರ ಮುಂದೆ. ಎಂಡಿಎಡಿಎಂ ತಾನಾಗಿ ಮೇಲ್ ಕಳಿಸುವುದಿಲ್ಲ, ಸೆಂಡ್‌ಮೇಲ್ ಎಂಬ ಪ್ರೋಗ್ರಾಂ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಅದು ಇಲ್ಲದಿದ್ದರೆ ಎಚ್ಚರಿಕೆ ಅಲ್ಲೇ ಮುಗಿಯಿತು. ಕೆಲವರು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಹಾಕಿ ಸರ್ವರ್‌ನಿಂದ ನೇರವಾಗಿ ಕಳಿಸಲು ಹೋಗುತ್ತಾರೆ. ಬೇಡ. ಎಷ್ಟೋ ಕಡೆ ಹೊರಗೆ ಹೋಗುವ 25ನೇ ಪೋರ್ಟ್ ಮುಚ್ಚಿರುತ್ತದೆ, ತೆರೆದಿದ್ದರೂ ಮೇಲ್ ಸ್ಪ್ಯಾಮ್‌ಗೆ ಬೀಳಬಹುದು. ಮೇಲನ್ನು ನಿಮ್ಮ ಮೇಲ್ ಸೇವೆಗೆ ದಾಟಿಸುವ ಎಂಎಸ್‌ಎಂಟಿಪಿ ಎಂಬ ಪುಟ್ಟ ಪ್ರೋಗ್ರಾಂ ಹಾಕಿ, ಅದರ ಜೊತೆ ಸೆಂಡ್‌ಮೇಲ್ ಜಾಗದಲ್ಲಿ ಕೂರುವ ಎಂಟಿಎ ಪ್ಯಾಕೇಜೂ ಇರಲಿ (ಇದನ್ನೇ ಮರೆಯುವುದು), 587ನೇ ಪೋರ್ಟ್‌ನಲ್ಲಿ ಟಿಎಲ್‌ಎಸ್ ಜೊತೆ ನಿಮ್ಮ ಮೇಲ್ ಸೇವೆಯ ಮೂಲಕ ಕಳಿಸಿ. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ, ಟೂ-ಸ್ಟೆಪ್ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ತೆಗೆಯಬೇಕು. ಪಾಸ್‌ವರ್ಡ್ ಇರುವ ಎಂಎಸ್‌ಎಂಟಿಪಿ ಕಾನ್ಫಿಗ್ ಫೈಲನ್ನು ರೂಟ್ ಬಿಟ್ಟು ಬೇರೆಯವರು ಓದದಂತೆ 600 ಪರ್ಮಿಷನ್ ಕೊಡಿ. ಎಂಡಿಎಡಿಎಂ ಕಾನ್ಫಿಗ್‌ನ ಮೇಲ್‌ಫ್ರಮ್ ಸಾಲಿನಲ್ಲಿ ಅದೇ ಖಾತೆಯ ವಿಳಾಸ ಹಾಕಿ, ಇಲ್ಲದಿದ್ದರೆ ಕೆಲವು ಸೇವೆಗಳು ಮೇಲನ್ನು ತಿರಸ್ಕರಿಸುತ್ತವೆ. ಎಂಎಸ್‌ಎಂಟಿಪಿ ಕಾನ್ಫಿಗ್‌ನಲ್ಲಿ ಲಾಗ್‌ಫೈಲ್ ಸಾಲನ್ನೂ ಬರೆಯಿರಿ, ಏನು ತಪ್ಪಿತು ಅಂತ ತಿಳಿಯುವುದು ಅಲ್ಲೇ.

ಈಗ ಎಂಡಿಎಡಿಎಂಗೆ ಮಾನಿಟರ್, ಸ್ಕ್ಯಾನ್, ಟೆಸ್ಟ್, ಒನ್‌ಶಾಟ್ ಈ ನಾಲ್ಕು ಆಪ್ಷನ್ ಕೊಟ್ಟು ರೂಟ್ ಆಗಿ ಓಡಿಸಿ. ಪ್ರತಿ ಅರೇಗೂ (ರೇಡ್‌ನಲ್ಲಿ ಸೇರಿಸಿದ ಡಿಸ್ಕ್‌ಗಳ ಗುಂಪು) ಒಂದೊಂದು ಟೆಸ್ಟ್ ಮೇಲ್ ಬರಬೇಕು. ಬಂತು ಅಂತ ಎದ್ದು ಹೋಗಬೇಡಿ! ಇದು ಮೇಲ್ ದಾರಿ ಸರಿ ಇದೆ ಅಂತ ಮಾತ್ರ ಹೇಳುತ್ತದೆ. ಹಗಲೂ ರಾತ್ರಿ ಕಾಯಬೇಕಾದ ಎಂಡಿಮಾನಿಟರ್ ಸರ್ವಿಸ್ ನಿಂತಿದ್ದರೂ ಈ ಟೆಸ್ಟ್ ಪಾಸಾಗುತ್ತದೆ. ಅದು ಓಡುತ್ತಿದೆಯಾ ಅಂತ ಸಿಸ್ಟಂಸಿಟಿಎಲ್ ಕಮಾಂಡ್‌ನಲ್ಲಿ ಬೇರೆಯಾಗಿ ನೋಡಿ. ಸರ್ವರ್ ಹೊಸದು, ಡೇಟಾ ಇನ್ನೂ ಇಲ್ಲ ಅಂದರೆ ಒಂದು ಡಿಸ್ಕನ್ನು ಬೇಕಂತಲೇ ಫೇಲ್ ಅಂತ ಗುರುತು ಮಾಡಿ. ಮೇಲ್ ಬಂದ ಮೇಲೆ ರಿಮೂವ್ ಮಾಡಿ ಮತ್ತೆ ಆ್ಯಡ್ ಮಾಡಿ. ಡೇಟಾ ಇರುವ ಸರ್ವರ್‌ನಲ್ಲಿ ಈ ಆಟ ಬೇಡ.

ಅಂಡರ್‌ಸ್ಕೋರ್ ಹುಡುಕುವ, ಹೊತ್ತು ಹೊತ್ತಿಗೆ ತಾನೇ ಓಡುವ ಕ್ರಾನ್ ಸ್ಕ್ರಿಪ್ಟ್ ಸಾಕಲ್ವಾ ಅನ್ನುವವರಿದ್ದಾರೆ. ಅದಕ್ಕೂ ಇದೇ ಮೇಲ್ ದಾರಿ ಬೇಕು, ಉಳಿಸಿದ್ದು ಏನೂ ಇಲ್ಲ. ಅದರ ಬದಲು ಡಿಸ್ಕ್‌ನ ಆರೋಗ್ಯ ನೋಡುವ ಸ್ಮಾರ್ಟ್‌ಡಿ ಹಾಕಿ, ಕೆಲವು ಡಿಸ್ಕ್‌ಗಳ ವಿಷಯದಲ್ಲಿ ಸಾಯುವ ಮೊದಲೇ ಸುಳಿವು ಸಿಗುತ್ತದೆ.

ಇನ್ನೊಂದು. ಮೇಲ್‌ನಲ್ಲಿ ಬರುವುದು ಎಸ್‌ಡಿಬಿ ತರಹದ ಹೆಸರು, ರೀಬೂಟ್ ಆದರೆ ಅದು ಬದಲಾಗಬಹುದು. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರನ್ನು ಅದರ ಟ್ರೇ ಮೇಲೆ ಈಗಲೇ ಅಂಟಿಸಿ. ಗಾಬರಿಯಲ್ಲಿ ಚೆನ್ನಾಗಿದ್ದ ಡಿಸ್ಕನ್ನೇ ಎಳೆದವರು ಕಡಿಮೆ ಇಲ್ಲ.