ಬಾಲ್ ಪೈಥಾನ್ ಗೂಡಿಗೆ ಸ್ಪ್ರೇ ಬೇಡ, ನೀರು ಮೂಲೆಗೆ ಸುರಿಯಿರಿ
ಬಾಲ್ ಪೈಥಾನ್ (ಸಾಕುವ ಒಂದು ಜಾತಿಯ ಹೆಬ್ಬಾವು) ಇಟ್ಟುಕೊಂಡಿರುವವರು ಗೂಡಿನ ತೇವಕ್ಕೆಂದು ದಿನಾ ನೀರು ಸ್ಪ್ರೇ ಮಾಡುವುದನ್ನು ಬಿಟ್ಟು, ಕೋಕೋಪೀಟ್ ಹಾಸಿನ ಮೂಲೆಗಳಿಗೆ ಸ್ವಲ್ಪ ಸ್ವಲ್ಪ ನೀರು ಸುರಿದು ನೋಡಿ. ಸ್ಪ್ರೇ ಮಾಡಿದ್ದು ಮೇಲೆಯೇ ನಿಂತು ಬೇಗ ಆರಿಹೋಗುತ್ತದೆ. ಮೂಲೆಗೆ ಹಾಕಿದ ನೀರು ತಳಕ್ಕಿಳಿದು ನಿಧಾನವಾಗಿ ಆವಿಯಾಗುತ್ತದೆ, ಹಾಗಾಗಿ ಗೂಡಿನ ಗಾಳಿಯ ತೇವಾಂಶ 60–70% ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಸು ಮೂರು ನಾಲ್ಕು ಇಂಚು ದಪ್ಪ ಇರಲಿ. ಮೇಲ್ಪದರ ಮಾತ್ರ ಕೈಗೆ ಒಣಗಿದಂತೆಯೇ ಸಿಗಬೇಕು, ಹಾವಿನ ಹೊಟ್ಟೆ ಸದಾ ಒದ್ದೆಯಾಗಿದ್ದರೆ ಹುರುಪೆ ಕೊಳೆಯುತ್ತದೆ ಅಲ್ವಾ. ಪೂರ್ತಿ ಜಾಲರಿ ಮುಚ್ಚಳ ಇದ್ದರೆ ಈ ಉಪಾಯ ಸಾಲದು, ತೇವವೆಲ್ಲ ಮೇಲಿಂದಲೇ ಹೋಗಿಬಿಡುತ್ತದೆ. ದೀಪದ ಜಾಗ ಬಿಟ್ಟು ಉಳಿದ ಬಹುಭಾಗವನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ, ಗಾಳಿಗೆ ಒಂದಿಷ್ಟು ಬಿಡಿ. ನ್ಯೂಸ್‌ಪೇಪರ್ ಹಾಸಿದ್ದರೂ ಇದು ನಡೆಯುವುದಿಲ್ಲ. ಗೂಡಿನ ಅಡಿಯಲ್ಲಿ ಹೀಟ್ ಮ್ಯಾಟ್ (ಬಿಸಿ ಕೊಡುವ ವಿದ್ಯುತ್ ಹಾಳೆ) ಇದ್ದರಂತೂ ಬೇಡವೇ ಬೇಡ: ದಪ್ಪ ಹಾಸು ಶಾಖವನ್ನು ತಡೆದು ಗೂಡಿನ ತಳದ ಗಾಜು ವಿಪರೀತ ಕಾಯುತ್ತದೆ. ಮೇಲಿಂದ ಬಿಸಿ ಕೊಡಿ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಹಾಕಿಯೇ. ಬಿಸಿ ಕಡೆ 31–32 ಡಿಗ್ರಿ, ತಂಪು ಕಡೆ 25–27 ಇದ್ದರೆ ಸಾಕು. ತೇವ ಸರಿಯಿದೆಯೇ ಎಂದು ತೇವಾಂಶದ ಮೀಟರ್ ಜೊತೆಗೆ ಹಾವು ಕಳಚಿದ ಪೊರೆಯೂ ಹೇಳುತ್ತದೆ: ಕಾಲುಚೀಲ ಕಳಚಿದ ಹಾಗೆ ಒಂದೇ ತುಂಡಾಗಿ, ಕಣ್ಣಿನ ಮೇಲಿನ ಎರಡು ಗುಂಡು ಪದರಗಳೂ ಸೇರಿ ಬರಬೇಕು. ಚೂರು ಚೂರಾಗಿ ಬಂದರೆ ತೇವ ಸಾಲದೆಂದೇ ಮೊದಲು ಅನುಮಾನಿಸಿ. ಕಣ್ಣಿನ ಪದರ ಉಳಿದುಕೊಂಡರೆ ಸುಮ್ನೆ ಕೀಳಲು ಹೋಗಬೇಡಿ, ಪಶುವೈದ್ಯರಿಗೆ ತೋರಿಸಿ.