ಮೊದಲು ಅಕ್ಷರ, ಆಮೇಲೆ ಮತ್ರ್ಯೋಶ್ಕ: ರಷ್ಯ ಪ್ರವಾಸಕ್ಕೆ ನಾನು ಅನುಸರಿಸುವ ಕ್ರಮ

ರಷ್ಯಕ್ಕೆ ಹೊರಡುವ ಮುಂಚೆ ವಾಕ್ಯಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವರ 33 ಅಕ್ಷರ ಕಲಿಯುವುದೇ ಹೆಚ್ಚು ಉಪಯೋಗ. ಅಕ್ಷರ ಬಂದರೆ ಮೆಟ್ರೊ ಫಲಕ, ಊಟದ ಪಟ್ಟಿ, ಕೊಳ್ಳುವ ವಸ್ತುವಿನ ತಳದಲ್ಲಿ ಬರೆದ ಊರಿನ ಹೆಸರು ಎಲ್ಲವನ್ನೂ ಓದಬಹುದು. ಎ, ಕೆ, ಎಂ, ಟಿ, ಓ ಅಕ್ಷರಗಳು ಇಂಗ್ಲಿಷಿನವೇ. ಮೋಸ ಮಾಡುವುದು ಆರು: ಪಿ ಆಕಾರದ್ದು ರ, ಎಚ್ ಆಕಾರದ್ದು ನ, ಸಿ ಆಕಾರದ್ದು ಸ, ಬಿ ಆಕಾರದ್ದು ವ, ವೈ ಆಕಾರದ್ದು ಉ, ಎಕ್ಸ್ ಆಕಾರದ್ದು ಗಂಟಲಿನಿಂದ ಬರುವ ಖ. 'ಪೆಕ್ಟೋಪಾಹ್' ಎಂದು ಓದಿಸಿಕೊಳ್ಳುವ ಫಲಕ ರೆಸ್ತೊರಾನ್, ಅಂದರೆ ಹೋಟೆಲು. ಈ ಆರನ್ನು ಪ್ರತ್ಯೇಕವಾಗಿ ಬರೆದು ಅಭ್ಯಾಸ ಮಾಡಿ. ಉಳಿದವು ಬಹುಮಟ್ಟಿಗೆ ಹೊಸ ಆಕಾರಗಳಾದ್ದರಿಂದ ಗೊಂದಲವಾಗುವುದಿಲ್ಲ.

ಉಚ್ಚಾರದಲ್ಲಿ ನಮಗೆ ತೊಂದರೆ ಕೊಡುವುದು ಒತ್ತು. ಒತ್ತು ಬೀಳದ 'ಒ' ಬಾಯಲ್ಲಿ 'ಅ' ಆಗುತ್ತದೆ: ಬರೆಯುವುದು ಮೊಲೊಕೊ, ಹೇಳುವುದು ಮಲಕೋ (ಹಾಲು). ಬರೆದಂತೆ ಓದಿದರೆ ಅಂಗಡಿಯವರ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ. 'ಇ'ಗೂ 'ಉ'ಗೂ ನಡುವಿನ ಒಂದು ಸ್ವರವಿದೆ. ತುಳು ಬಲ್ಲವರು ತಮ್ಮ ಪದಾಂತ್ಯದ ಅರೆ ಉಕಾರವನ್ನು ನೆನೆಸಿಕೊಂಡರೆ ಅದರ ಹತ್ತಿರಕ್ಕೆ ಬರುತ್ತಾರೆ. ಇಲ್ಲಿ 'ಝ' ಎಂದು ಬರೆದಿರುವುದನ್ನು ಟೆಲಿವಿಷನ್ ಪದದ ನಡುವಿನ ಸದ್ದಿನಂತೆ ಓದಿಕೊಳ್ಳಿ.

ನಮಸ್ಕಾರಕ್ಕೆ ಉದ್ದದ 'ಜ಼್ದ್ರಾಸ್ತ್ವುಯ್ತೆ' ನಾಲಿಗೆಗೆ ಸಿಗದಿದ್ದರೆ 'ದೋಬ್ರಿ ದ್ಯೇನ್' ಸಾಕು. ಸ್ಪಸೀಬ ಎಂದರೆ ಧನ್ಯವಾದ. ಪಝಾಲುಸ್ತ 'ದಯವಿಟ್ಟು' ಎನ್ನುವುದಕ್ಕೂ ಆಗುತ್ತದೆ, 'ಪರವಾಗಿಲ್ಲ' ಎನ್ನುವುದಕ್ಕೂ. ಅಂಗಡಿಯಲ್ಲಿ ನಾನು ಬಳಸುವುದು ನಾಲ್ಕೇ: ಮೋಝ್ನ ಪಸ್ಮತ್ರೇತ್? (ನೋಡಬಹುದೆ?), ಸ್ಕೋಲ್ಕ ಸ್ತೋಯಿತ್? (ಎಷ್ಟು?), ಎತ ರುಚ್ನಾಯ ರಬೋತ? (ಇದು ಕೈಕೆಲಸವೆ?), ಮೋಝ್ನ ದಿಶೆವ್ಲೆ? (ಕಡಿಮೆ ಮಾಡಬಹುದೆ?). ಬೆಲೆ ಹೇಳಿದ್ದು ತಿಳಿಯದಿದ್ದರೆ ಫೋನಿನ ಕ್ಯಾಲ್ಕುಲೇಟರ್ ಮುಂದಿಡಿ, ಅವರೇ ಒತ್ತಿ ತೋರಿಸುತ್ತಾರೆ.

2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಪಾವತಿ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಹರಿಯದ, ಗೀಚಿರದ ಡಾಲರ್ ಅಥವಾ ಯೂರೋ ನೋಟು ಒಯ್ದು ಬ್ಯಾಂಕಿನಲ್ಲಿ ಪಾಸ್‌ಪೋರ್ಟ್ ತೋರಿಸಿ ರೂಬಲ್ ಮಾಡಿಸಿಕೊಳ್ಳುತ್ತೇನೆ.

ಮಾಸ್ಕೋದಲ್ಲಿ ಕೊಳ್ಳಲು ಇಜ಼್ಮಾಯ್ಲೊವೊ ಸಂತೆಯೇ ನನಗೆ ಇಷ್ಟ. ಪಾರ್ತಿಜ಼ಾನ್‌ಸ್ಕಯ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಹೋಗಬಹುದು. ಶನಿವಾರ, ಭಾನುವಾರ ಮಳಿಗೆಗಳು ಹೆಚ್ಚು ತೆರೆದಿರುತ್ತವೆ. ಅರ್ಬಾತ್ ಬೀದಿಯಲ್ಲಿ ಇವೇ ವಸ್ತುಗಳಿಗೆ ಹೆಚ್ಚು ಬೆಲೆ.

ಮತ್ರ್ಯೋಶ್ಕ, ಅಂದರೆ ಒಂದರೊಳಗೊಂದು ಕೂರುವ ಗೊಂಬೆ, ಸಾಮಾನ್ಯವಾಗಿ ಲಿಂಡನ್ ಮರದ್ದು, ಲೇತಿನಲ್ಲಿ ಕಡೆದದ್ದು. 1890ರ ದಶಕದಲ್ಲಿ ಮೊದಲನೆಯದನ್ನು ಕಡೆದವರು ವಸಿಲಿ ಜ಼್ವ್ಯೋಜ಼್ದೊಚ್ಕಿನ್, ಬಣ್ಣ ಬರೆದವರು ಸೆರ್ಗೆಯ್ ಮಲ್ಯೂತಿನ್. ಒಳಗೆ ಎಷ್ಟು ಗೊಂಬೆ ಎಂಬುದನ್ನು 'ಮೆಸ್ತ್' ಲೆಕ್ಕದಲ್ಲಿ ಹೇಳುತ್ತಾರೆ: ಪಿತಿಮೇಸ್ತ್ನಯ ಅಂದರೆ ಐದರದು. ನಾನು ದೊಡ್ಡದನ್ನು ನೋಡುವುದೇ ಇಲ್ಲ. ಪೂರ್ತಿ ಬಿಚ್ಚಿಸಿ ಕೊನೆಯ ಎರಡನ್ನು ನೋಡುತ್ತೇನೆ. ಅವಸರದ ಕೆಲಸದಲ್ಲಿ ಅವುಗಳ ಮುಖ ಎರಡು ಚುಕ್ಕೆ, ಒಂದು ಗೀಟಿಗೆ ಮುಗಿದಿರುತ್ತದೆ. ಎಲ್ಲ ಮುಖಗಳೂ ಅಚ್ಚು ಹೊಡೆದಂತೆ ಒಂದೇ ಥರ ಇದ್ದರೆ ಫೋನ್ ಕ್ಯಾಮೆರಾದಲ್ಲಿ ಹಿಗ್ಗಿಸಿ. ಸಣ್ಣ ಚುಕ್ಕೆಗಳ ಜಾಲ ಕಂಡರೆ ಮುದ್ರಿತ ಚಿತ್ರ ಅಂಟಿಸಿದ್ದು. ಎರಡು ಅರ್ಧಗಳು ತುಸು ಬಿಗಿಯಾಗಿ ತಿರುಗಬೇಕು, ಗಡಗಡ ಅಲ್ಲಾಡಬಾರದು. ಎದೆಯಿಂದ ಕೆಳಗೆ ದೊಡ್ಡ ಗುಲಾಬಿ ಗೊಂಚಲಿದ್ದರೆ ಸೆಮ್ಯೋನೊವ್ ಊರಿನ ಶೈಲಿ. ಮೊದಲ ಕೊಡುಗೆಗೆ ನಾನು ಆರಿಸುವುದು ಅದನ್ನೇ.

ಕರಿ ಮೆರುಗಿನ ಚಿತ್ರಪೆಟ್ಟಿಗೆಗಳಲ್ಲಿ ನಕಲು ಬಹಳ. ಅಸಲಿ ಪೆಟ್ಟಿಗೆ ಕಾಗದದ ಹಲಗೆಯದು, ಕೈಗೆ ಹಗುರ. ಪಾಲೆಖ್ ಊರಿನವರು ಮೊಟ್ಟೆಯ ಹಳದಿ ಬೆರೆಸಿದ ಬಣ್ಣದಲ್ಲಿ ಬರೆದು ಚಿನ್ನದ ಎಳೆ ಎಳೆಯುತ್ತಾರೆ. ಫೆದೋಸ್ಕಿನೊದವರದು ಎಣ್ಣೆಬಣ್ಣ, ಒಂದರ ಮೇಲೊಂದು ಪದರ. ಚಿತ್ರದ ಕೆಳಗೆ ಊರಿನ ಹೆಸರು ಮತ್ತು ಕಲಾವಿದರ ಸಹಿ ಸಣ್ಣದಾಗಿ ಇರುತ್ತದೆ. ಅಕ್ಷರ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ನೀಲಿ-ಬಿಳಿ ಗ್ಝೆಲ್ ಪಿಂಗಾಣಿಯಲ್ಲಿ ಒಂದೇ ಕುಂಚದೆಳೆ ಕಡುನೀಲಿಯಿಂದ ತಿಳಿನೀಲಿಗೆ ಇಳಿಯಬೇಕು. ನೀಲಿ ಎಲ್ಲೆಡೆ ಸಮನಾಗಿದ್ದರೆ ಅದು ಮುದ್ರಣ. ಹೊಳೆಯುವ ಖಖ್ಲೋಮ ಚಮಚಗಳಲ್ಲಿ ಚಿನ್ನವಿಲ್ಲ. ಲೋಹದ ಪುಡಿಯ ಮೇಲಿನ ಮೆರುಗೆಣ್ಣೆ ಕಾವಿಗೆ ಹೊಂಬಣ್ಣಕ್ಕೆ ತಿರುಗಿರುತ್ತದೆ, ಒಳಗೆ ಲೋಹವಿರುವುದರಿಂದ ಮೈಕ್ರೊವೇವಿಗೆ ಇಡಬೇಡಿ.

ಬಾಲ್ಟಿಕ್ ಅಂಬರ್ (ಕಲ್ಲಿನಂತಾದ ಪುರಾತನ ಮರದ ಅಂಟು) ಮಣಿಯನ್ನು ಕೋಣೆಯಲ್ಲೇ ಪರೀಕ್ಷಿಸಬಹುದು. 200 ಮಿ.ಲೀ. ನೀರಿಗೆ 50 ಗ್ರಾಂ ಉಪ್ಪು ಪೂರ್ತಿ ಕರಗಿಸಿ ಬಿಡಿ ಮಣಿ ಹಾಕಿ. ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ. ತೇಲುವ ಕೆಲವು ಪ್ಲಾಸ್ಟಿಕ್‌ಗಳೂ ಇರುವುದರಿಂದ ಮುಳುಗಿದ್ದು ನಕಲಿ ಎನ್ನಬಹುದೇ ಹೊರತು ತೇಲಿದ್ದೆಲ್ಲ ಅಸಲಿ ಎನ್ನಲಾಗದು. ಬೆಳ್ಳಿ ಕಟ್ಟಿದ ಹರಳಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ಸಂತೆಯಲ್ಲಿ ಹಳೆಯ ಐಕಾನ್ (ಪೂಜೆಯ ದೇವಚಿತ್ರ), ಪದಕ, ಚಹಾಕ್ಕೆ ನೀರು ಕಾಯಿಸುವ ಸಮೋವಾರ್‌ಗಳು ಆಸೆ ಹುಟ್ಟಿಸುತ್ತವೆ. ನಾನು ಮುಟ್ಟುವುದಿಲ್ಲ. 50 ವರ್ಷಕ್ಕಿಂತ ಹಳೆಯ ಕಲಾವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು ತಜ್ಞರ ಪರಿಶೀಲನೆ, ಅನುಮತಿ ಬೇಕು; ಇಲ್ಲದಿದ್ದರೆ ವಿಮಾನನಿಲ್ದಾಣದಲ್ಲಿ ಅದನ್ನು ಕಳೆದುಕೊಳ್ಳಬೇಕಾದೀತು. ಹೊಸ ವಸ್ತುವೇ ಆದರೂ ಹಳೆಯದರಂತೆ ಕಾಣುವುದಾದರೆ ರಸೀದಿ ಜೊತೆಗಿರಲಿ.

ಮನೆಗೆ ಊಟಕ್ಕೆ ಕರೆದರೆ ಬರಿಗೈಲಿ ಹೋಗಬಾರದು, ಈ ವಿಷಯದಲ್ಲಿ ಅವರೂ ನಮ್ಮವರಂತೆಯೇ. ಹೂವು ಒಯ್ದರೆ ಬೆಸಸಂಖ್ಯೆಯಲ್ಲಿರಲಿ, ಸಮಸಂಖ್ಯೆ ಸಾವಿನ ಮನೆಗೆ. ಹೊಸಿಲಿನ ಆಚೆ ಈಚೆ ನಿಂತು ಕೈ ಕುಲುಕಬೇಡಿ. ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಅವರು ಕೊಡುವ ತಾಪಚ್ಕಿ (ಮನೆಯೊಳಗಿನ ಚಪ್ಪಲಿ) ಮೆಟ್ಟಿಕೊಳ್ಳಿ. ಹಿರಿಯರನ್ನು ಅವರ ಹೆಸರಿಗೆ ತಂದೆಯ ಹೆಸರಿನಿಂದಾದ ರೂಪ ಸೇರಿಸಿ ಕರೆಯಿರಿ, 'ತಿ' ಅನ್ನದೆ 'ವಿ' ಅನ್ನಿ. ನಮ್ಮ ನೀನು, ನೀವು ಇದ್ದಂತೆಯೇ. ಇಲ್ಲಿಂದ ನಾನು ಒಯ್ಯುವುದು ಚಹಾಪುಡಿ, ಗಂಧದ ಸಾಬೂನು, ಚನ್ನಪಟ್ಟಣದ ಗೊಂಬೆ. ಅರಗು ಲೇತಿನ ಮೇಲೆಯೇ ಕಾವಿಗೆ ಕರಗಿ ಬಣ್ಣವಾಗುತ್ತದೆ ಎಂದು ವಿವರಿಸಿದರೆ, ಕುಂಚದಲ್ಲಿ ಬಣ್ಣ ಬಳಿಯುವ ನಾಡಿನವರು ಅದನ್ನು ತಿರುತಿರುಗಿಸಿ ನೋಡುತ್ತಾರೆ. ಕರ್ನಾಟಕ ಎಲ್ಲಿದೆ ಎಂದು ಕೇಳಿದರೆ, 15ನೆಯ ಶತಮಾನದಲ್ಲಿ ತ್ವೇರ್ ಊರಿನ ವರ್ತಕ ಅಫನಾಸಿ ನಿಕಿತಿನ್ ಬಂದಿದ್ದ ಬೀದರ್ ಇರುವ ರಾಜ್ಯ ಎನ್ನಿ. ನಿಕಿತಿನ್ ಹೆಸರು ಅವರಿಗೆ ಗೊತ್ತಿರುತ್ತದೆ.

ಸಸ್ಯಾಹಾರಿಗಳು 'ಬೆಜ಼್ ಮ್ಯಾಸ' (ಮಾಂಸವಿಲ್ಲದೆ) ಎಂದರೆ ಸಾಲದು, ಕೋಳಿ ಅಥವಾ ಮೀನು ಬಂದೀತು. 'ಯಾ ನ್ಯೆ ಯೆಮ್ ಮ್ಯಾಸ, ಕೂರಿತ್ಸು, ರೀಬು' ಎಂದು ಮೂರನ್ನೂ ಹೇಳಿ. ಬೀಟ್‌ರೂಟಿನ ಬೋರ್ಷ್ ಸಾಮಾನ್ಯವಾಗಿ ದನದ ಮಾಂಸದ ಸಾರಿನಲ್ಲಿ ಬೇಯುತ್ತದೆ, ಬಣ್ಣ ನೋಡಿ ನಂಬಬೇಡಿ. ಗ್ರೇಚ್ಕ (ಬೇಯಿಸಿದ ಬಕ್‌ವೀಟ್ ಧಾನ್ಯ), ಆಲೂಗಡ್ಡೆ ತುಂಬಿದ ವರೇನಿಕಿ ಕಡುಬು, ಬೀಟ್‌ರೂಟಿನ ವಿನಿಗ್ರೇತ್ ಕೋಸಂಬರಿ ಕೇಳಿ. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ 'ಪೋಸ್ತ್ನಯೆ' (ಉಪವಾಸದ ಊಟದ) ಪಟ್ಟಿ ಸಿಕ್ಕರೆ ಆಯ್ಕೆ ಹೆಚ್ಚು.

ಊರಿಗೆ ಮರಳುವಾಗ ವೋಡ್ಕ ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ. ಭಾರತದಲ್ಲಿ ಸುಂಕವಿಲ್ಲದೆ ಬಿಡುವುದು 2 ಲೀಟರ್. ಮತ್ರ್ಯೋಶ್ಕವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ತನ್ನಿ. ಒಣಹವೆಯಲ್ಲಿ ಸಲೀಸಾಗಿ ತಿರುಗುತ್ತಿದ್ದದ್ದು ಕರಾವಳಿಯ ಮಳೆಗಾಲದಲ್ಲಿ ಮರ ಉಬ್ಬಿ ಕಚ್ಚಿಕೊಳ್ಳುತ್ತದೆ. ಎಳೆಯಬೇಡಿ, ಅಂಚು ಸೀಳುತ್ತದೆ. ಒಣ ಜಾಗದಲ್ಲಿ ಕೆಲವು ದಿನ ಇಟ್ಟು, ನಿಧಾನವಾಗಿ ತಿರುಗಿಸಿ ಬಿಚ್ಚಿ, ಒಳ ಅಂಚಿಗೆ ಮೇಣದಬತ್ತಿ ಉಜ್ಜಿ.